ಹೆರ್ನ್‌ಹುಟ್‌ನ ಸೋದರ ಸಮಾಜ: ಗಾಂಭೀರ್ಯ, ಆನಂದ ಮತ್ತು ಸೇವಾದೀಕ್ಷೆ

ಕ್ರೈಸ್ತಮತದ ಇತಿಹಾಸವನ್ನು ಅಭ್ಯಾಸಮಾಡುವವರಿಗೆ ಮೇಲುನೋಟಕ್ಕೆ ಪರಸ್ಪರ ವಿರುದ್ಧವೆಂದು ತೋರುವ ಮೂರು ಭಾವಗಳು ಮತ್ತೆ ಮತ್ತೆ ಎದುರಾಗುತ್ತವೆ. ಶಿಲುಬೆಯ ಮರಣವನ್ನು ನೆನೆದು ತನ್ನ ಬಾಳನ್ನು ತಾನೇ ಪರೀಕ್ಷಿಸಿಕೊಳ್ಳುವ ಗಾಂಭೀರ್ಯ ಮೊದಲನೆಯದು. ಪುನರುತ್ಥಾನದ ನಂಬಿಕೆಯಿಂದ ಹುಟ್ಟುವ ಆನಂದ ಎರಡನೆಯದು. ತಾನು ಪಡೆದುದನ್ನು ಇತರರಿಗೆ ಸಾರಲು ಮನೆಮಾರು ಬಿಟ್ಟು ಹೊರಡುವ ಸೇವಾದೀಕ್ಷೆ ಮೂರನೆಯದು. ಇವುಗಳನ್ನು ಬೇರೆಬೇರೆಯಾಗಿ ವರ್ಣಿಸುವುದು ವಾಡಿಕೆ. ಇವು ಒಂದನ್ನೊಂದು ಹೇಗೆ ಪೋಷಿಸಿದುವು, ಒಂದು ಹದ ತಪ್ಪಿದಾಗ ಉಳಿದವುಗಳ ಗತಿ ಏನಾಯಿತು ಎಂಬ ಪ್ರಶ್ನೆಯನ್ನು 18ನೆಯ ಶತಮಾನದ ಒಂದು ಜರ್ಮನ್ ಹಳ್ಳಿಯ ಇತಿಹಾಸದ ಮೂಲಕ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೊಹೀಮಿಯದ ಸುಧಾರಕ ಯಾನ್ ಹುಸ್ 1415ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಜೀವಂತವಾಗಿ ದಹನಕ್ಕೀಡಾದನು. ಅವನ ಅನುಯಾಯಿಗಳಲ್ಲಿ ಒಂದು ಪಂಗಡದವರು 1457ರಲ್ಲಿ ಸೋದರ ಸಮಾಜವೊಂದನ್ನು ಸ್ಥಾಪಿಸಿಕೊಂಡರು. 1620ರ ಶ್ವೇತಗಿರಿಯ ಯುದ್ಧದಲ್ಲಿ ಬೊಹೀಮಿಯದ ಪ್ರಾಟೆಸ್ಟಂಟರು ಸೋತ ಮೇಲೆ ಈ ಸಮಾಜದವರು ಕೆಲವರು ದೇಶಭ್ರಷ್ಟರಾದರು, ಕೆಲವರು ಗುಪ್ತವಾಗಿ ತಮ್ಮ ನಂಬಿಕೆಯನ್ನು ಕಾಪಾಡಿಕೊಂಡರು. ನೂರು ವರ್ಷಗಳ ತರುವಾಯ, 1722ರಲ್ಲಿ, ಮೊರೇವಿಯದಿಂದ ಓಡಿಬಂದ ಕೆಲವು ಕುಟುಂಬಗಳಿಗೆ ಸ್ಯಾಕ್ಸನಿಯ ಕೌಂಟ್ ಜಿನ್‌ಜೆಂಡಾರ್ಫನು ತನ್ನ ಜಮೀನಿನಲ್ಲಿ ಆಶ್ರಯವಿತ್ತನು. ಕ್ರಿಸ್ಟಿಯನ್ ಡೇವಿಡ್ ಎಂಬ ಬಡಗಿ ಮೊದಲ ಮರವನ್ನು ಕಡಿದು ಅಲ್ಲಿ ಮನೆ ಕಟ್ಟಲು ತೊಡಗಿದನು. ‘ಪ್ರಭುವಿನ ರಕ್ಷಣೆ’ ಎಂಬರ್ಥದ ಹೆರ್ನ್‌ಹುಟ್ ಗ್ರಾಮ ಹುಟ್ಟಿದ್ದು ಹೀಗೆ. 1700ರಲ್ಲಿ ಜನಿಸಿದ ಜಿನ್‌ಜೆಂಡಾರ್ಫನು ಬಾಲ್ಯದಲ್ಲಿ ಹಾಲೆ ನಗರದ ಫ್ರಾಂಕೆಯ ವಿದ್ಯಾಲಯದಲ್ಲಿ ಓದಿದವನು. 1706ರಿಂದ ನಮ್ಮ ದೇಶದ ತರಂಗಂಬಾಡಿಯಲ್ಲಿ ಸುವಾರ್ತೆ ಸಾರುತ್ತಿದ್ದವರ ಸಮಾಚಾರಗಳು ಅವನ ಕಿವಿಗೆ ಬಿದ್ದುದು ಅಲ್ಲಿಯೇ.

ಆಶ್ರಯ ದೊರೆತ ಮಾತ್ರಕ್ಕೆ ಐಕಮತ್ಯ ದೊರೆಯಲಿಲ್ಲ. ಮೊರೇವಿಯದವರ ಜೊತೆಗೆ ಲೂಥರನ ಮತದವರು, ಕ್ಯಾಲ್ವಿನನ ಅನುಯಾಯಿಗಳು, ಯಾವ ಸಭೆಗೂ ಸೇರದವರು, ಎಲ್ಲರೂ ಅಲ್ಲಿ ಬಂದು ನೆಲಸಿದುದರಿಂದ ಕಲಹಗಳು ಬೆಳೆದು ಗ್ರಾಮವೇ ಒಡೆಯುವ ಸ್ಥಿತಿಗೆ ಬಂತು. ಜಿನ್‌ಜೆಂಡಾರ್ಫನು ಮನೆಮನೆಗೆ ಹೋಗಿ ಜನರೊಡನೆ ಮಾತನಾಡಿ, 1727ರ ಮೇ ತಿಂಗಳಲ್ಲಿ ಒಂದು ಒಡಂಬಡಿಕೆಗೆ ಎಲ್ಲರ ಸಮ್ಮತಿಯನ್ನು ಪಡೆದನು. ಅದೇ ವರ್ಷದ ಆಗಸ್ಟ್ 13ರಂದು ನೆರೆಯ ಬೆರ್ಥೆಲ್ಸ್‌ಡಾರ್ಫಿನ ದೇವಾಲಯದಲ್ಲಿ ಪ್ರಭುಭೋಜನದ ಆರಾಧನೆ ನಡೆದಾಗ, ಜಗಳವಾಡಿಕೊಂಡಿದ್ದವರು ಕಣ್ಣೀರಿಟ್ಟು ಒಬ್ಬರನ್ನೊಬ್ಬರು ಕ್ಷಮಿಸಿದರು. ಇಂದಿಗೂ ಈ ಸಮಾಜದವರು ಆ ದಿನವನ್ನು ತಮ್ಮ ಪುನರ್ಜನ್ಮದ ದಿನವೆಂದು ಆಚರಿಸುತ್ತಾರೆ. ಪಶ್ಚಾತ್ತಾಪದ ಗಾಂಭೀರ್ಯ ಮತ್ತು ಸಮಾಧಾನದ ಆನಂದ ಒಂದೇ ಗಳಿಗೆಯಲ್ಲಿ ಹುಟ್ಟಿದುವೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಈ ಗಾಂಭೀರ್ಯವು ಕ್ಷಣಿಕ ಭಾವೋದ್ರೇಕವಾಗಿ ಉಳಿಯದೆ ದಿನಚರಿಯಾಗಿ ರೂಪುಗೊಂಡಿತು. ಆಗಸ್ಟ್ 27ರಿಂದ 24 ಮಂದಿ ಪುರುಷರೂ 24 ಮಂದಿ ಸ್ತ್ರೀಯರೂ ಹಗಲಿರುಳಿನ ಗಂಟೆಗಳನ್ನು ಹಂಚಿಕೊಂಡು ಪ್ರಾರ್ಥನೆಯನ್ನು ಆರಂಭಿಸಿದರು. ಈ ಸರಪಣಿ ನೂರು ವರ್ಷಕ್ಕೂ ಮಿಕ್ಕಿ ನಡೆಯಿತೆಂಬುದು ಸಮಾಜದ ಪರಂಪರೆ. 1728ರಿಂದ ಪ್ರತಿದಿನಕ್ಕೆ ಒಂದು ವಚನವನ್ನು ಆರಿಸಿ ಮನೆಗಳಿಗೆ ತಿಳಿಸುವ ಪದ್ಧತಿ ಬಂತು. 1731ರಿಂದ ಪುಸ್ತಕರೂಪದಲ್ಲಿ ಅಚ್ಚಾಗುತ್ತಿರುವ ಈ ದಿನವಚನಗಳು ಇಂದು ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಪ್ರಕಟವಾಗುತ್ತಿವೆ. ಸದಸ್ಯರು ತಮ್ಮ ಆತ್ಮವೃತ್ತಾಂತವನ್ನು ಬರೆದಿಡುತ್ತಿದ್ದರು. ಅಂತ್ಯಸಂಸ್ಕಾರದ ವೇಳೆಯಲ್ಲಿ ಅದನ್ನು ಓದಲಾಗುತ್ತಿತ್ತು. ಕುಂಬಾರ, ನೇಕಾರ, ದಾದಿಯರಂಥ ಸಾಮಾನ್ಯರ ಬಾಳನ್ನು ಅವರ ಮಾತಿನಲ್ಲಿಯೇ ಅರಿಯಲು ಇತಿಹಾಸಕಾರನಿಗೆ ಇದೊಂದು ಅಪೂರ್ವವಾದ ಆಕರವಾಗಿದೆ.

ಇಂತಹ ಕಟ್ಟುನಿಟ್ಟಿನ ಜನ ಸದಾ ಮ್ಲಾನವದನರಾಗಿದ್ದರೆಂದು ಊಹಿಸುವುದು ತಪ್ಪಾಗುತ್ತದೆ. ರೊಟ್ಟಿ ಪಾನೀಯಗಳನ್ನು ಹಂಚಿಕೊಂಡು ಹಾಡುವ ಪ್ರೀತಿಭೋಜನ ಅವರ ಜೀವನದ ಅಂಗವಾಗಿತ್ತು. 1732ರ ಈಸ್ಟರ್ ದಿನದಂದು ಅವಿವಾಹಿತ ತರುಣರು ಸೂರ್ಯೋದಯಕ್ಕೆ ಮೊದಲೇ ಹುಟ್‌ಬೆರ್ಗ್ ಗುಡ್ಡದ ಸ್ಮಶಾನಕ್ಕೆ ಹೋಗಿ ಹಾಡುತ್ತ ಬೆಳಕನ್ನು ಎದುರುಗೊಂಡರು. ‘ದೇವರ ಹೊಲ’ವೆಂದು ಕರೆಯಲ್ಪಡುವ ಆ ಸ್ಮಶಾನದಲ್ಲಿ ಸಾಮಾನ್ಯ ಸದಸ್ಯರೆಲ್ಲರ ಸಮಾಧಿಗಳ ಮೇಲೂ ಒಂದೇ ತೆರನಾದ ಚಪ್ಪಟೆ ಕಲ್ಲುಗಳು. ಸಾವಿನ ನೆಲದ ಮೇಲೆಯೇ ಹಬ್ಬವನ್ನು ಆಚರಿಸಿದ ಇವರ ಆನಂದವು ದುಃಖವನ್ನು ಮರೆತ ಆನಂದವಲ್ಲ, ದುಃಖವನ್ನು ದಾಟಿದ ಆನಂದ. 1736ರ ಜನವರಿಯಲ್ಲಿ ಅಮೆರಿಕದ ಜಾರ್ಜಿಯಕ್ಕೆ ಹೋಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಾಗ ಇಂಗ್ಲಿಷ್ ಪ್ರಯಾಣಿಕರು ಚೀರಿಕೊಂಡರೆ, ಮೊರೇವಿಯದವರು ಶಾಂತರಾಗಿ ಕೀರ್ತನೆ ಹಾಡುತ್ತಿದ್ದರು. ಅದನ್ನು ಕಂಡು ಬೆರಗಾದ ತರುಣ ಪಾದ್ರಿ ಜಾನ್ ವೆಸ್ಲಿ ಮುಂದೆ ಮೆಥಡಿಸ್ಟ್ ಪಂಥದ ಪ್ರವರ್ತಕನಾದನು.

ಸೇವಾದೀಕ್ಷೆಯ ಕಥೆಯೂ ಅದೇ 1732ಕ್ಕೆ ಸೇರಿದುದು. ಹಿಂದಿನ ವರ್ಷ ಡೆನ್ಮಾರ್ಕಿನ ದೊರೆಯ ಪಟ್ಟಾಭಿಷೇಕಕ್ಕೆ ಹೋಗಿದ್ದ ಜಿನ್‌ಜೆಂಡಾರ್ಫನು ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದ ಆಂಟನ್ ಎಂಬ ಗುಲಾಮನನ್ನು ಸಂಧಿಸಿ, ಅಲ್ಲಿನ ಗುಲಾಮರ ದುಃಸ್ಥಿತಿಯನ್ನು ತಿಳಿದಿದ್ದನು. ಈ ವಾರ್ತೆಯನ್ನು ಕೇಳಿ ಲಿಯೊನಾರ್ಡ್ ಡೋಬರ್ ಎಂಬ ಕುಂಬಾರನೂ ಡೇವಿಡ್ ನಿಟ್ಷ್‌ಮನ್ ಎಂಬ ಬಡಗಿಯೂ ಆಗಸ್ಟಿನಲ್ಲಿ ಹೊರಟು ಡಿಸೆಂಬರ್ 13ರಂದು ಆ ದ್ವೀಪವನ್ನು ಮುಟ್ಟಿದರು. ಇವರು ತಮ್ಮನ್ನೇ ಗುಲಾಮರಾಗಿ ಮಾರಿಕೊಂಡರೆಂಬ ಕಥೆ ಭಕ್ತಿಗ್ರಂಥಗಳಲ್ಲಿ ಪ್ರಚಲಿತವಾಗಿದೆ. ಅವಶ್ಯಬಿದ್ದರೆ ಹಾಗೆ ಮಾಡಲು ಅವರು ಸಿದ್ಧರಾಗಿದ್ದುದು ನಿಜ. ಆದರೆ ಯೂರೋಪಿಯನರು ಗುಲಾಮರಾಗಲು ಅಲ್ಲಿ ಅವಕಾಶವೇ ಇರಲಿಲ್ಲ. ನಿಟ್ಷ್‌ಮನ್ನನು ಬಡಗಿ ಕೆಲಸದಿಂದ ಇಬ್ಬರ ಹೊಟ್ಟೆ ಹೊರೆದನು. ಅಲ್ಲಿನ ಮಣ್ಣು ಕುಂಬಾರಿಕೆಗೆ ಒದಗದೆ ಡೋಬರನು ಗವರ್ನರನ ಮನೆಯಲ್ಲಿ ಚಾಕರಿಗೆ ಸೇರಿದನು. ಮರುವರ್ಷ ಗ್ರೀನ್‌ಲೆಂಡಿನ ಹಿಮಕ್ಕೆ ಹೋದವರಾದರೋ ಮೊದಲ ಫಲವನ್ನು ಕಾಣಲು ಐದು ವರ್ಷ ಕಾಯಬೇಕಾಯಿತು. ದಂತಕಥೆಗಿಂತ ಈ ಸಾಮಾನ್ಯ ದುಡಿಮೆ ಮತ್ತು ಸಹನೆಯೇ ಹೆಚ್ಚು ಗೌರವಾರ್ಹವೆಂದು ನಮಗೆ ತೋರುತ್ತದೆ.

ಈ ಮೂರು ಭಾವಗಳೂ ಮುಂದೆ ಕಠಿಣವಾದ ಪರೀಕ್ಷೆಗೆ ಗುರಿಯಾದುವು. ಮೊದಲ ಪರೀಕ್ಷೆ ಸೇಂಟ್ ಥಾಮಸಿನಲ್ಲಿಯೇ ನಡೆಯಿತು. ಅಲ್ಲಿ ಸುವಾರ್ತೆ ಹಬ್ಬಿದುದು ಯೂರೋಪಿಯನರ ಶ್ರಮದಿಂದ ಮಾತ್ರವಲ್ಲ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ರೆಬೆಕ್ಕ ಎಂಬ ತರುಣಿ ತೋಟದಿಂದ ತೋಟಕ್ಕೆ ನಡೆದು ಹೆಂಗಸರಿಗೆ ಬೋಧಿಸಿದಳು. ಅದಕ್ಕಾಗಿ ತೋಟದ ಒಡೆಯರ ದ್ವೇಷವನ್ನು ಕಟ್ಟಿಕೊಂಡು ಸೆರೆಮನೆಯನ್ನೂ ಕಂಡಳು. 1739ರಲ್ಲಿ ಅಲ್ಲಿಗೆ ಬಂದ ಜಿನ್‌ಜೆಂಡಾರ್ಫನು ಸೆರೆಯಲ್ಲಿದ್ದವರನ್ನು ಬಿಡಿಸಿದನು. ಅದೇ ವರ್ಷ ಮಗ್ದಲೇನ ಎಂಬ ವೃದ್ಧೆ ಆಫ್ರಿಕದ ತನ್ನ ತಾಯ್ನುಡಿಯಲ್ಲಿಯೇ ಡೆನ್ಮಾರ್ಕಿನ ರಾಣಿಗೆ ವಿಜ್ಞಾಪನೆಯೊಂದನ್ನು ಕಳುಹಿಸಿದಳು. ಹೀಗೆ ದಾಸ್ಯದಲ್ಲಿದ್ದವರೇ ಧ್ವನಿಯೆತ್ತಿದ ಕಾಲದಲ್ಲಿ, ಗುಲಾಮಗಿರಿ ದೈವಸಂಕಲ್ಪವೆಂದೂ ಒಡೆಯರಿಗೆ ವಿಧೇಯರಾಗಿರಬೇಕೆಂದೂ ಜಿನ್‌ಜೆಂಡಾರ್ಫನು ಅವರಿಗೆ ಉಪದೇಶಿಸಿದನು. ಸಮಾಜವೂ ತೋಟವೊಂದನ್ನು ಕೊಂಡು ಗುಲಾಮರ ಒಡೆತನಕ್ಕೆ ಕೈಹಾಕಿತು. ಗುಲಾಮರಾಗಲು ಸಿದ್ಧರಾಗಿ ಹೊರಟವರ ಸಂಘವೇ ಗುಲಾಮರನ್ನು ಇಟ್ಟುಕೊಂಡಿತು! ಡೇನರ ಆ ದ್ವೀಪಗಳಲ್ಲಿ ಗುಲಾಮಗಿರಿ ಕೊನೆಗೊಂಡುದು 1848ರಲ್ಲಿ. ಸ್ವಂತ ಪಾಪವನ್ನು ಪರೀಕ್ಷಿಸಿಕೊಳ್ಳುವ ಗಾಂಭೀರ್ಯವು ಸಮಾಜದ ಪಾಪವನ್ನು ಪರೀಕ್ಷಿಸುವವರೆಗೆ ಬೆಳೆಯಲಿಲ್ಲವೆಂಬುದನ್ನು ಮರೆಮಾಚಲಾಗದು.

ಎರಡನೆಯ ಪರೀಕ್ಷೆ ಜರ್ಮನಿಯಲ್ಲಿಯೇ ಒದಗಿತು. 1738ರಲ್ಲಿ ಸ್ಥಾಪಿತವಾದ ಹೆರ್ನ್‌ಹಾಗ್ ಎಂಬ ವಸತಿಯಲ್ಲಿ, ಮುಂದಿನ ದಶಕದಲ್ಲಿ, ಜಿನ್‌ಜೆಂಡಾರ್ಫನ ಮಗ ಕ್ರಿಸ್ಟಿಯನ್ ರೆನಾಟುಸನ ಮುಂದಾಳುತನದಲ್ಲಿ ಆನಂದವು ಮೇರೆ ಮೀರಿತು. ದೀಪಾಲಂಕಾರ, ಖರ್ಚಿನ ಹಬ್ಬಗಳು, ಶಿಶುಗಳ ತೊದಲುನುಡಿಯ ಅನುಕರಣೆ ಬೆಳೆದುವು. ಕ್ರಿಸ್ತನ ಗಾಯಗಳ ಧ್ಯಾನವೆಂಬ ಅತ್ಯಂತ ಗಂಭೀರ ವಿಷಯವೇ ಆಟದ ಮಾತಾಯಿತು. ಆ ಬಗೆಯ ಮಾತಿಗೆ ಉತ್ತೇಜನ ಕೊಟ್ಟವನು ಸ್ವತಃ ಜಿನ್‌ಜೆಂಡಾರ್ಫನೆಂಬುದನ್ನೂ ಹೇಳಬೇಕು. 1749ರಲ್ಲಿ ಅವನೇ ಖಂಡನಪತ್ರವನ್ನು ಬರೆದು ಮಗನನ್ನು ಲಂಡನ್ನಿಗೆ ಕರೆಸಿಕೊಂಡನು. 1750ರಲ್ಲಿ ಸ್ಥಳೀಯ ಪ್ರಭುವು ಜಿನ್‌ಜೆಂಡಾರ್ಫನೊಡನೆ ಸಂಬಂಧ ತೊರೆಯಬೇಕೆಂದು ಆಜ್ಞಾಪಿಸಿದಾಗ ಅಲ್ಲಿನವರು ಒಪ್ಪದೆ ಊರನ್ನೇ ಬಿಟ್ಟರು. ಸಾಲದ ಹೊರೆಯೂ ಅಪಕೀರ್ತಿಯೂ ಸಮಾಜಕ್ಕೆ ಉಳಿದುವು. ತರುವಾಯ ಸ್ಪಾಂಗೆನ್‌ಬರ್ಗನ ಸಮಚಿತ್ತದ ನಾಯಕತ್ವದಲ್ಲಿ ಅದು ಚೇತರಿಸಿಕೊಂಡಿತು.

ಇಷ್ಟಾದರೂ ಈ ಸಣ್ಣ ಸಮಾಜದ ಪ್ರಭಾವ ಅಲ್ಪವಲ್ಲ. 1792ರಲ್ಲಿ ವಿಲಿಯಂ ಕೇರಿ ತನ್ನ ಪ್ರಸಿದ್ಧ ಪುಸ್ತಿಕೆಯಲ್ಲಿ ಇವರ ನಿದರ್ಶನವನ್ನು ಮುಂದಿಟ್ಟು ಇಂಗ್ಲಿಷ್ ಕ್ರೈಸ್ತರನ್ನು ಎಚ್ಚರಿಸಿದನು. ಹಿಮಾಲಯದ ಲಡಾಖಿನಲ್ಲಿ 1885ರಿಂದ ಇವರ ಸಭೆ ಇದೆ. ಕನ್ನಡ ನಾಡಿಗೆ ನಿಕಟವಾದ ಬಾಸೆಲ್ ಮಿಷನ್ ಹೆರ್ನ್‌ಹುಟ್‌ನ ಶಾಖೆಯಲ್ಲ. ಆದರೂ 1815ರಲ್ಲಿ ಹುಟ್ಟಿ 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆ ಇದೇ ಜರ್ಮನ್ ಭಕ್ತಿಪರಂಪರೆಯ ಫಲ. ಪ್ರಾರ್ಥನೆಯ ಶಿಸ್ತು, ಹಾಡು, ಕೈಕಸುಬು ಇವು ಅಲ್ಲಿಯೂ ಒಟ್ಟಿಗೆ ಕಾಣುತ್ತವೆ. ಕಿಟ್ಟೆಲ್ಲರ ನಿಘಂಟನ್ನು ಬಳಸುವ ನಮಗೆ ಈ ಪರಂಪರೆಯ ಪರಿಚಯ ಅನಗತ್ಯವೆನಿಸದು.

ಒಟ್ಟಿನಲ್ಲಿ, ಗಾಂಭೀರ್ಯ, ಆನಂದ, ಸೇವಾದೀಕ್ಷೆಗಳು ಮೂರು ಬಿಡಿ ಗುಣಗಳಲ್ಲ. ಒಂದನ್ನೊಂದು ತಿದ್ದುವ ಶಕ್ತಿಗಳು. ಗಾಂಭೀರ್ಯದ ಹಿಡಿತ ತಪ್ಪಿದ ಆನಂದ ಹೆರ್ನ್‌ಹಾಗಿನಲ್ಲಿ ಆಟವಾಯಿತು. ಪೂರ್ಣ ಆತ್ಮಪರೀಕ್ಷೆಯಿಲ್ಲದ ಸೇವೆ ಸೇಂಟ್ ಥಾಮಸಿನಲ್ಲಿ ಅನ್ಯಾಯದೊಡನೆ ರಾಜಿಮಾಡಿಕೊಂಡಿತು. ಧಾರ್ಮಿಕ ಚಳುವಳಿಯೊಂದನ್ನು ಅದರ ಉತ್ಸಾಹದಿಂದಲೇ ಅಳೆಯುವುದೂ ಅದರ ಲೋಪಗಳಿಂದಲೇ ತಳ್ಳಿಹಾಕುವುದೂ ಇತಿಹಾಸಕ್ಕೆ ಒಪ್ಪದ ಮಾರ್ಗಗಳು. ಡೋಬರನ ಚಾಕರಿ, ರೆಬೆಕ್ಕಳ ಕಾಲ್ನಡಿಗೆ, ಮಗ್ದಲೇನಳ ವಿಜ್ಞಾಪನೆ, ತೋಟದ ಗುಲಾಮರ ಬೆವರು, ಇವೆಲ್ಲವನ್ನೂ ಒಂದೇ ಪುಟದಲ್ಲಿಟ್ಟು ಓದಿದಾಗ ಮಾತ್ರ ಆ ಕಾಲದ ಸತ್ಯ ನಮಗೆ ಗೋಚರವಾಗುತ್ತದೆ.