ಸುಟ್ಟ ತಂತುಗಳ ಲಿಪಿ

ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಯ ಸುಲ್ತಾನ ಫಿರೋಜ್ ಷಾ ತುಘಲಕನು ಅಶೋಕನ ಎರಡು ಶಿಲಾಸ್ತಂಭಗಳನ್ನು ದೂರದ ಊರುಗಳಿಂದ ಬಹು ಪ್ರಯಾಸಪಟ್ಟು ತನ್ನ ರಾಜಧಾನಿಗೆ ತರಿಸಿ ನಿಲ್ಲಿಸಿದ. ಅವುಗಳ ಮೈಮೇಲೆ ಸಾಲುಸಾಲಾಗಿ ಅಕ್ಷರಗಳಿದ್ದುವು. ಪಂಡಿತರನ್ನು ಕರೆಸಿ ಓದಿಸಲು ನೋಡಿದ; ಯಾರಿಂದಲೂ ಆಗಲಿಲ್ಲ. ಕಲ್ಲು ಉಳಿದಿತ್ತು, ಬರಹ ಉಳಿದಿತ್ತು, ಓದುವ ವಿದ್ಯೆ ಮಾತ್ರ ಅಳಿದಿತ್ತು. ೧೮೩೭ರಲ್ಲಿ ಕಲ್ಕತ್ತೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗಂಟನ್ನು ಬಿಡಿಸುವವರೆಗೆ ಆ ಸಾಲುಗಳು ಮೂಕವಾಗಿಯೇ ನಿಂತಿದ್ದುವು.

ಒಂದು ಲಿಪಿ ಹೀಗೆ ಮರೆತುಹೋಗಲು ಆಗ ನೂರಾರು ವರ್ಷಗಳು ಬೇಕಾದುವು. ನಮ್ಮದು ವೇಗದ ಕಾಲ. ಮರೆವಿಗೂ ವೇಗ ಬಂದಿದೆ. ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಎಂಜಿನಿಯರುಗಳು ಸಿಲಿಕಾನಿನ ಚೂರುಗಳೊಳಗೆ ಬರೆದಿಟ್ಟ ಒಂದು ಬಗೆಯ ಬರಹವನ್ನು ಓದಲು ಬೇಕಾದ ಪುಸ್ತಕಗಳಿಗಾಗಿ, ತಂತ್ರಾಂಶಗಳಿಗಾಗಿ, ಅರ್ಧ ಶತಮಾನವೂ ತುಂಬುವ ಮೊದಲೇ ಜನ ಹುಡುಕಾಡುವಂತಾಗಿದೆ. ಆ ಬರಹ ಯಾವುದು, ಅದರ ಓದು ಹೇಗೆ ಕಳೆಯಿತು, ಎಲ್ಲಿ ಉಳಿಯಿತು ಎಂಬ ಕಥೆ ಕೇಳತಕ್ಕದ್ದಾಗಿದೆ.

ಯಾವ ಯಂತ್ರವನ್ನು ತೆಗೆದುಕೊಂಡರೂ ಅದರ ನಡತೆಯ ಹಿಂದೆ ತರ್ಕವೊಂದಿರುತ್ತದೆ. ಬಾಗಿಲು ಮುಚ್ಚಿದೆ, ಮತ್ತು ಗುಂಡಿ ಒತ್ತಿದೆ ಎಂದಾದರೆ ಮೋಟಾರು ತಿರುಗಬೇಕು. ಬಾಗಿಲು ತೆರೆದಿದ್ದರೆ ತಿರುಗಕೂಡದು. 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಪದಗಳಿಂದ ಎಂಥ ಜಟಿಲವಾದ ಆಜ್ಞೆಯನ್ನೂ ಕಟ್ಟಬಹುದು. ಮೊದಮೊದಲು ಇದನ್ನು ಹತ್ತಾರು ಸಣ್ಣ ಚಿಪ್‌ಗಳನ್ನು ಹಲಗೆಯ ಮೇಲೆ ಜೋಡಿಸಿ ಸಾಧಿಸುತ್ತಿದ್ದರು. ಆಲೋಚನೆ ಬದಲಾದರೆ ಹಲಗೆಯನ್ನೇ ಬದಲಿಸಬೇಕು. ಈ ಕಷ್ಟಕ್ಕೆ ಉತ್ತರವಾಗಿ ೧೯೭೫ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪೆನಿ ೮೨ಎಸ್೧೦೦ ಎಂಬ ಚಿಪ್ಪನ್ನು ಹೊರತಂದಿತು. ಅದಕ್ಕೆ ೧೬ ಒಳದಾರಿಗಳು, ೮ ಹೊರದಾರಿಗಳು. ನಡುವೆ ಕೂದಲಿಗಿಂತ ಸಣ್ಣ ಫ್ಯೂಸುಗಳ ಜಾಲ. ಕಾರ್ಖಾನೆಯಿಂದ ಹೊರಟಾಗ ಎಲ್ಲ ಫ್ಯೂಸುಗಳೂ ಕೂಡಿಯೇ ಇರುತ್ತವೆ. ಕೊಂಡವನು ತನಗೆ ಬೇಡವಾದವನ್ನು ಹೆಚ್ಚಿನ ವಿದ್ಯುತ್ತು ಹರಿಸಿ ಸುಟ್ಟುಬಿಡುತ್ತಾನೆ. ಶಿಲ್ಪಿ ಬೇಡದ ಕಲ್ಲನ್ನು ಕೆತ್ತಿ ತೆಗೆದಂತೆಯೇ ಇದು. ಉಳಿದುದೇ ತರ್ಕ. ಏನನ್ನು ಸುಡಬೇಕು ಎಂಬುದನ್ನು ಎಂಜಿನಿಯರು ಅಚ್ಚಾದ ಕೋಷ್ಟಕವೊಂದರಲ್ಲಿ ಎಚ್, ಎಲ್ ಎಂಬ ಅಕ್ಷರಗಳನ್ನೂ ಅಡ್ಡಗೀಟುಗಳನ್ನೂ ಕೈಯಿಂದಲೇ ತುಂಬಿ ಗೊತ್ತುಮಾಡುತ್ತಿದ್ದ.

ಮೂರು ವರ್ಷಗಳ ಮೇಲೆ, ೧೯೭೮ರಲ್ಲಿ, ಕ್ಯಾಲಿಫೋರ್ನಿಯದ ಮಾನೊಲಿಥಿಕ್ ಮೆಮರೀಸ್ ಎಂಬ ಕಂಪೆನಿಯ ಜಾನ್ ಬರ್ಕ್‌ನರ್ ಮತ್ತು ಎಚ್. ಟಿ. ಚುವಾ ಇಬ್ಬರೂ ಸೇರಿ ಇದನ್ನೇ ಇನ್ನಷ್ಟು ಸರಳಗೊಳಿಸಿದರು. ಸಿಗ್ನೆಟಿಕ್ಸಿನವರ ಚಿಪ್‌ನಲ್ಲಿ 'ಮತ್ತು' ಜಾಲವನ್ನೂ 'ಅಥವಾ' ಜಾಲವನ್ನೂ ಬೇಕಾದಂತೆ ಸುಡಬಹುದಾಗಿತ್ತು. ಇವರು ಎರಡನೆಯದನ್ನು ಸ್ಥಿರವಾಗಿಟ್ಟು ಮೊದಲನೆಯದನ್ನು ಮಾತ್ರ ಬಳಸುವವನ ಕೈಗೆ ಬಿಟ್ಟರು. ಸ್ವಾತಂತ್ರ್ಯ ಸ್ವಲ್ಪ ಕಡಿಮೆಯಾಯಿತು, ಆದರೆ ವೇಗ ಹೆಚ್ಚಿತು, ಬೆಲೆ ಇಳಿಯಿತು. ಇದಕ್ಕೆ 'ಪ್ಯಾಲ್' ಎಂದು ಹೆಸರಿಟ್ಟರು. ಇವುಗಳಲ್ಲಿ ಬಹು ಪ್ರಸಿದ್ಧವಾದ ೧೬ಎಲ್೮ ಎಂಬುದರಲ್ಲಿ ೨,೦೪೮ ಫ್ಯೂಸುಗಳು. ೧೯೮೦ರಲ್ಲಿ ಹೊರಬಂದ ಡೇಟಾ ಜನರಲ್ ಕಂಪೆನಿಯ ಎಂವಿ/೮೦೦೦ ಗಣಕವನ್ನು ಕಟ್ಟಿದವರು ಈ ಹೊಸ ಚಿಪ್‌ಗಳನ್ನೇ ನಂಬಿ ಜೂಜಾಡಿದರು. ಆ ಗಣಕದ ಕಥೆಯನ್ನು ಹೇಳುವ ಟ್ರೇಸಿ ಕಿಡ್ಡರ್ ಅವರ ಪುಸ್ತಕಕ್ಕೆ ೧೯೮೨ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ೧೯೮೪ರ ಮೊದಲ ಮೆಕಿಂಟಾಷ್‌ನಲ್ಲಿಯೂ ಪ್ಯಾಲ್‌ಗಳಿದ್ದುವು.

ಇಲ್ಲಿಯೇ ಒಂದು ತೊಡಕು ಹುಟ್ಟಿತು. ಸಾಮಾನ್ಯವಾದ ಚಿಪ್ ಕೆಟ್ಟರೆ ಮೇಲಿನ ಅಂಕಿಯನ್ನು ನೋಡಿ ಅದೇ ಅಂಕಿಯ ಇನ್ನೊಂದನ್ನು ತಂದು ಹಾಕಬಹುದು. ಪ್ಯಾಲ್ ಹಾಗಲ್ಲ. ಸಾವಿರ ಪ್ಯಾಲ್‌ಗಳ ಮೈಮೇಲೆ ಒಂದೇ ಅಂಕಿ ಅಚ್ಚಾಗಿದ್ದರೂ ಒಂದೊಂದರ ಒಳಗೂ ಬೇರೆ ಬೇರೆ ಮಾತು ಇರಬಹುದು. ಒಂದು ಲಗ್ನಪತ್ರಿಕೆ, ಇನ್ನೊಂದು ಸಾಲದ ಪತ್ರ. ಲಕೋಟೆ ಮಾತ್ರ ಒಂದೇ! ಒಳಗಿನ ಮಾತು ಗೊತ್ತಾಗಬೇಕಾದರೆ ಮೂರು ವಸ್ತುಗಳು ಬೇಕು. ಚಿಪ್‌ನ ಒಡಲನ್ನೂ ಅದನ್ನು ಸುಡುವ ಕ್ರಮವನ್ನೂ ವಿವರಿಸುವ ಕೈಪಿಡಿ ಮೊದಲನೆಯದು. ಎಂಜಿನಿಯರು ಬರೆದ ಸಮೀಕರಣಗಳನ್ನು ಫ್ಯೂಸುಗಳ ನಕ್ಷೆಯಾಗಿ ಮಾರ್ಪಡಿಸುವ ತಂತ್ರಾಂಶ ಎರಡನೆಯದು. ಆ ಸಮೀಕರಣಗಳೇ ಅಥವಾ ನಕ್ಷೆಯೇ ಮೂರನೆಯದು. ಇವುಗಳಲ್ಲಿ ಒಂದು ಕಳೆದರೂ ಉಳಿದೆರಡು ಕುಂಟುತ್ತವೆ.

ಮಾನೊಲಿಥಿಕ್ ಮೆಮರೀಸಿನವರು ಈ ವಿಷಯದಲ್ಲಿ ಉದಾರಿಗಳಾಗಿದ್ದರು. ಸಮೀಕರಣಗಳನ್ನು ನಕ್ಷೆಯಾಗಿಸುವ ತಮ್ಮ 'ಪ್ಯಾಲಾಸಮ್' ತಂತ್ರಾಂಶವನ್ನು ಅವರು ಫೋರ್ಟ್ರಾನ್ ಭಾಷೆಯಲ್ಲಿ ಬರೆದು, ಅದರ ಮೂಲಪಾಠವನ್ನು ತಮ್ಮ ಕೈಪಿಡಿಯಲ್ಲಿಯೇ ಅಚ್ಚುಹಾಕಿಸಿದರು. ಕೈಪಿಡಿ ಸಿಕ್ಕಿದವನು ಅದನ್ನು ನೋಡಿ ತನ್ನ ಗಣಕಕ್ಕೆ ಬೆರಳಚ್ಚು ಮಾಡಿಕೊಂಡರೆ ಸಾಕು. ವ್ಯಾಪಾರದ ದೃಷ್ಟಿಯಿಂದ ಇದೇನೂ ತ್ಯಾಗವಾಗಿರಲಿಲ್ಲ. ತಂತ್ರಾಂಶ ಹರಡಿದಷ್ಟೂ ಚಿಪ್‌ಗಳು ಮಾರುತ್ತಿದ್ದುವು. ಆದರೆ ಕಾಲದ ದೃಷ್ಟಿಯಿಂದ ನೋಡಿದರೆ ಅದು ದಾನವೇ ಸರಿ. ಕಂಪೆನಿ ಮುಳುಗಿತು, ಆ ಪುಟಗಳು ತೇಲಿದುವು. ಫೋರ್ಟ್ರಾನ್ ಇಂದಿಗೂ ಬದುಕಿರುವ ಭಾಷೆಯಾದುದರಿಂದ ಆ ಪಾಠ ಇಂದಿಗೂ ಅರ್ಥವಾಗುತ್ತದೆ. ಎಂಬತ್ತರ ದಶಕದಲ್ಲಿ 'ಜೆಡೆಕ್' ಎಂಬ ಸಂಸ್ಥೆ ಫ್ಯೂಸುಗಳ ನಕ್ಷೆಯನ್ನು ಸೊನ್ನೆ ಒಂದುಗಳ ಸಾದಾ ಬರಹವಾಗಿ ಬರೆದಿಡುವ ಒಂದು ಸಮಾನ ಕ್ರಮವನ್ನು ಗೊತ್ತುಮಾಡಿದುದೂ ಇಂಥದೇ ಪುಣ್ಯದ ಕೆಲಸ. ಆ ಕಡತ ಉಳಿದಿದ್ದರೆ ಯಾವ ಕಂಪೆನಿಯ ದಯೆಯೂ ಇಲ್ಲದೆ ಅದನ್ನು ಓದಬಹುದು.

ಆದರೆ ಎಲ್ಲ ಬಾಗಿಲುಗಳೂ ಹೀಗೆ ತೆರೆದಿರಲಿಲ್ಲ. 'ಏಬೆಲ್', 'ಕಪಲ್' ಮುಂತಾದ ಹೆಚ್ಚು ಸಮರ್ಥವಾದ ಭಾಷೆಗಳು ಬಂದುವು. ಅವು ಹಣ ಕೊಟ್ಟು ಕೊಳ್ಳುವ ಸರಕುಗಳು. ೧೯೮೫ರಲ್ಲಿ ಲ್ಯಾಟಿಸ್ ಕಂಪೆನಿ 'ಗ್ಯಾಲ್' ಎಂಬ, ಬರೆದು ಅಳಿಸಿ ಮತ್ತೆ ಬರೆಯಬಹುದಾದ ಚಿಪ್ಪನ್ನು ತಂದಿತು. ಒಂದೇ ಗ್ಯಾಲ್ ಅನೇಕ ಬಗೆಯ ಪ್ಯಾಲ್‌ಗಳ ಜಾಗದಲ್ಲಿ ಕೂರಬಲ್ಲದಾದುದರಿಂದ ಅದು ರಿಪೇರಿಯವರ ಪಾಲಿಗೆ ವರವೇ ಆಯಿತು. ಆದರೆ ಅದರೊಳಗೆ ಬರೆಯುವ ವಿದ್ಯುತ್ ಕ್ರಮವನ್ನು ವಿವರಪತ್ರದಲ್ಲಿ ಹೇಳಲಿಲ್ಲ. ಕಂಪೆನಿ ಒಪ್ಪಿದ ಯಂತ್ರದಿಂದಲೇ ಬರೆಯಬೇಕೆಂದರು. ೧೯೮೫ರಲ್ಲಿಯೇ ಬಂದ ಜೈಲಿಂಕ್ಸ್ ಕಂಪೆನಿಯ ೬೪ ಖಾನೆಗಳ ಎಕ್ಸ್‌ಸಿ೨೦೬೪ ಚಿಪ್‌ನಲ್ಲಿ ಯಾವ ಬಿಟ್ಟು ಯಾವ ಕೆಲಸ ಮಾಡುತ್ತದೆಂಬುದೇ ಗುಟ್ಟಾಗಿತ್ತು. ಅಂಥ ಕೆಲವು ತಂತ್ರಾಂಶಗಳು ಗಣಕದ ಹಿಂಬದಿಗೆ ಸಿಕ್ಕಿಸುವ ಪುಟ್ಟ ಬೀಗವಿಲ್ಲದೆ ನಡೆಯುತ್ತಲೂ ಇರಲಿಲ್ಲ. ಇನ್ನು ಪ್ಯಾಲ್‌ಗಳಲ್ಲಿ 'ರಕ್ಷಣೆಯ ಫ್ಯೂಸು' ಎಂಬುದೊಂದಿತ್ತು. ಅದನ್ನು ಸುಟ್ಟರೆ ಚಿಪ್ ತನ್ನ ಕೆಲಸವನ್ನು ಮಾಡುತ್ತದೆ, ಆದರೆ ಒಳಗೇನಿದೆಯೆಂದು ಯಾರಿಗೂ ಹೇಳುವುದಿಲ್ಲ. ಪೈಪೋಟಿಯವರು ನಕಲು ಮಾಡಬಾರದೆಂಬುದು ಉದ್ದೇಶ. ಅದು ಅನ್ಯಾಯವೆನ್ನಲಾಗದು. ಆದರೆ ಕಳ್ಳನಿಗೆಂದು ಹಾಕಿದ ಬೀಗ ಮೊಮ್ಮಕ್ಕಳನ್ನೂ ಹೊರಗೇ ನಿಲ್ಲಿಸಿತು.

ಕಂಪೆನಿಗಳ ವಂಶಾವಳಿಯನ್ನು ನೋಡಿದರೆ ನಮ್ಮ ಪಾಳೆಯಗಾರರ ಚರಿತ್ರೆ ನೆನಪಾಗುತ್ತದೆ. ಮಾನೊಲಿಥಿಕ್ ಮೆಮರೀಸನ್ನು ೧೯೮೭ರಲ್ಲಿ ಎಎಂಡಿ ಕೊಂಡಿತು. ಎಎಂಡಿ ಆ ಶಾಖೆಗೆ ವಾಂಟಿಸ್ ಎಂದು ಹೆಸರಿಟ್ಟು ಬೇರೆ ಮಾಡಿ ೧೯೯೯ರಲ್ಲಿ ಲ್ಯಾಟಿಸ್‌ಗೆ ಮಾರಿತು. ಹೀಗೆ ಈ ವ್ಯಾಪಾರದಿಂದ ಕೈತೊಳೆದುಕೊಂಡ ಎಎಂಡಿ ೨೦೨೨ರಲ್ಲಿ ಜೈಲಿಂಕ್ಸನ್ನು ಕೊಂಡು ಮತ್ತೆ ಅದೇ ವ್ಯಾಪಾರಕ್ಕೆ ಬಂತು. ಸಿಗ್ನೆಟಿಕ್ಸ್ ೧೯೭೫ರಲ್ಲಿಯೇ ಫಿಲಿಪ್ಸ್ ಪಾಲಾಗಿತ್ತು. ಇಂಟೆಲ್ ತನ್ನ ಇಂಥ ಚಿಪ್‌ಗಳ ವಿಭಾಗವನ್ನು ೧೯೯೪ರಲ್ಲಿ ಆಲ್ಟೆರಾ ಕಂಪೆನಿಗೆ ಮಾರಿ, ೨೦೧೫ರಲ್ಲಿ ಆಲ್ಟೆರಾವನ್ನೇ ಕೊಂಡು, ೨೦೨೫ರಲ್ಲಿ ಅದರ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಮಾರಿತು. ಪ್ರತಿ ಮಾರಾಟದಲ್ಲಿಯೂ ಕೈಬದಲಾದದ್ದು ಪೇಟೆಂಟು, ಗಿರಾಕಿ, ಕಟ್ಟಡ. ಮಾರಾಟ ನಿಂತುಹೋದ ಚಿಪ್‌ನ ಕೈಪಿಡಿಯ ಮೇಲೆ ಯಾರಿಗೆ ಮಮತೆ? ಈ ಕೈಪಿಡಿಗಳನ್ನು ಎಂಜಿನಿಯರುಗಳಿಗೆ ಮಾರಾಟಗಾರರು ಪುಕ್ಕಟೆಯಾಗಿ ಹಂಚುತ್ತಿದ್ದ ಕಾಲವದು. ಹೊಸ ಆವೃತ್ತಿ ಬಂದೊಡನೆ ಹಳೆಯದು ಕಸದ ಬುಟ್ಟಿಗೆ. ಪಂಚಾಂಗಕ್ಕೂ ಅದಕ್ಕೂ ಒಂದೇ ಗತಿ.

ಹೋದರೆ ಹೋಗಲಿ, ಹಳೆಯ ಕಬ್ಬಿಣಕ್ಕೆ ಇಷ್ಟು ಗೋಳೇಕೆ ಎಂದು ಕೆಲವರು ಕೇಳಬಹುದು. ಗೋಳಿಗೆ ಕಾರಣವಿದೆ. ಆ ಕಾಲದ ಲೇತುಗಳು, ಅಳತೆಯ ಉಪಕರಣಗಳು, ಪ್ರಯೋಗಶಾಲೆಯ ಯಂತ್ರಗಳು ಇನ್ನೂ ಗಟ್ಟಿಮುಟ್ಟಾಗಿರುತ್ತವೆ. ಬೆರಳಗಲದ ಒಂದು ಚಿಪ್ ಸತ್ತರೆ ಟನ್ನುಗಟ್ಟಲೆಯ ಯಂತ್ರ ಗುಜರಿಗೆ ಹೋಗುತ್ತದೆ. ಲ್ಯಾಟಿಸ್‌ನವರು ಗ್ಯಾಲ್‌ನ ವಿವರಪತ್ರದಲ್ಲಿ ಬರಹ ೨೦ ವರ್ಷ ಉಳಿಯುತ್ತದೆಂದು ಭರವಸೆ ಕೊಟ್ಟಿದ್ದರು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಬರೆದ ಚಿಪ್‌ಗಳು ಆ ಭರವಸೆಯ ಗಡುವನ್ನು ಎಂದೋ ದಾಟಿವೆ. ಅವುಗಳಲ್ಲಿ ಬರಹವೆಂದರೆ ಹಿಡಿದಿಟ್ಟ ವಿದ್ಯುದಾವೇಶ; ಅದು ಸೋರುತ್ತದೆ. ಅಶೋಕನ ಕಲ್ಲಿಗಿದ್ದ ಭಾಗ್ಯ ಇವಕ್ಕಿಲ್ಲ. ಓದುವವರು ಬರುವವರೆಗೆ ಕಾಯುವ ಶಕ್ತಿ ಈ ಬರಹಕ್ಕಿಲ್ಲ.

ಆದರೂ ಓದುವವರು ಬಂದಿದ್ದಾರೆ. ಕಾಮೊಡೋರ್ ೬೪ ಎಂಬ ಮನೆಗಣಕದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ೧೯೮೨ರಲ್ಲಿ ಬಂದ ಈ ಗಣಕದಲ್ಲಿ ಯಾವ ಗಳಿಗೆಯಲ್ಲಿ ನೆನಪಿನ ಯಾವ ಭಾಗ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುತ್ತಿದ್ದುದು ೮೨ಎಸ್೧೦೦ ಅಥವಾ ಅದರ ಸ್ಥಾನದಲ್ಲಿ ಕೂರುತ್ತಿದ್ದ ಮತ್ತೊಂದು ಚಿಪ್. ಅದು ಕೆಡುವುದು ಸಾಮಾನ್ಯ. ೧೯೯೪ರಲ್ಲಿ ಕಂಪೆನಿಯೇ ದಿವಾಳಿಯಾದ ಮೇಲೆ ಕೇಳುವುದು ಯಾರನ್ನು? ಹವ್ಯಾಸಿಗಳು ಚಿಪ್ಪನ್ನೇ ಕೇಳಿದರು. ಒಳದಾರಿಗಳು ೧೬ ಆದುದರಿಂದ ಕೇಳಬಹುದಾದ ಪ್ರಶ್ನೆಗಳು ಒಟ್ಟು ೬೫,೫೩೬. ಒಂದೊಂದನ್ನೂ ಕೇಳಿ ಉತ್ತರಗಳನ್ನು ಬರೆದುಕೊಂಡರು. ಆ ಉತ್ತರಗಳನ್ನು ಅಳಿಸಿ ಬರೆಯುವ ನೆನಪಿನ ಚಿಪ್ಪೊಂದರಲ್ಲಿ ತುಂಬಿ ಅದನ್ನೇ ಬದಲಿಯಾಗಿ ಕೂರಿಸಿದರು. ಅನೇಕ ಗಣಕಗಳು ಎದ್ದು ಕುಳಿತುವು, ಕೆಲವು ತಡವರಿಸಿದುವು. ಕಾರಣ ಸ್ವಾರಸ್ಯವಾದುದು. ಬದಲಿ ಚಿಪ್ ಕೊಡುತ್ತಿದ್ದ ಉತ್ತರಗಳು ಸರಿ, ಕೊಡುವ ಗಳಿಗೆ ಮಾತ್ರ ಬೇರೆ. ಒಂದು ಉತ್ತರದಿಂದ ಇನ್ನೊಂದಕ್ಕೆ ಹೋಗುವ ಕ್ಷಣದಲ್ಲಿ ಅದು ತೊದಲುತ್ತಿತ್ತು. ರಾಗ ಸರಿಯಾಗಿದ್ದು ತಾಳ ತಪ್ಪಿದ ಹಾಗೆ. ಕೊನೆಗೆ ಕಾಲದ ಅಳತೆಯನ್ನೂ ಕೂಡಿಸಿಕೊಂಡು ಮೂಲದ ಸಮೀಕರಣಗಳನ್ನೇ ಹೊರತೆಗೆದವರು ಹುಟ್ಟಿದರು.

ಎಲ್ಲ ಚಿಪ್‌ಗಳೂ ಹೀಗೆ ಬಾಯಿಬಿಡುವುದಿಲ್ಲ. ಹಿಂದಿನದನ್ನು ನೆನಪಿಟ್ಟುಕೊಳ್ಳುವ ಪ್ಯಾಲ್‌ಗಳಿವೆ. ಅವು ಇವತ್ತಿನ ಪ್ರಶ್ನೆಗೆ ನಿನ್ನೆಯ ಮಾತನ್ನೂ ಲೆಕ್ಕ ಹಾಕಿ ಉತ್ತರ ಕೊಡುತ್ತವೆ. ಅವುಗಳ ಮನಸ್ಸನ್ನು ತಿಳಿಯುವುದು ಬಹಳ ಕಷ್ಟ. ಎಕ್ಸ್‌ಸಿ೨೦೬೪ರ ಬಿಟ್ಟುಗಳ ಅರ್ಥವನ್ನಂತೂ ೨೦೨೦ರಲ್ಲಿ ಅಮೆರಿಕದ ಎಂಜಿನಿಯರೊಬ್ಬರು ಚಿಪ್‌ನ ಒಡಲಿನ ಚಿತ್ರಗಳನ್ನು ಪರಿಶೀಲಿಸಿ ಲೋಕಕ್ಕೆ ವಿವರಿಸಿದರು. ಚಿಪ್ ಹುಟ್ಟಿದ ೩೫ ವರ್ಷಗಳ ಮೇಲೆ! ಇನ್ನೊಂದು ಕಡೆ, ಹಳೆಯ ಕೈಪಿಡಿಗಳನ್ನು ಗುಜರಿಯಿಂದಲೂ ಅಟ್ಟಗಳಿಂದಲೂ ಎತ್ತಿತಂದು ಪುಟಪುಟವನ್ನೂ ಪ್ರತಿಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟಿರುವ ಸ್ವಯಂಸೇವಕರಿದ್ದಾರೆ. ಹಳೆಯ ಡಾಸ್ ಗಣಕದ ಸೋಗು ಹಾಕುವ ತಂತ್ರಾಂಶಗಳ ಮೂಲಕ ಪ್ಯಾಲಾಸಮ್‌ನ ಮುಂದಿನ ಆವೃತ್ತಿಗಳು ಇಂದಿನ ಗಣಕದಲ್ಲಿಯೂ ನಡೆಯುತ್ತವೆ. ಈ ಪ್ರತಿಕಾರರ ಕೆಲಸ ನಮಗೆ ಹೊಸದಲ್ಲ. ಗೆದ್ದಲು ಹಿಡಿದ ತಾಳೆಗರಿಯನ್ನು ಹೊಸ ಗರಿಗೆ ಇಳಿಸುತ್ತಿದ್ದ ಲಿಪಿಕಾರರಿಲ್ಲದಿದ್ದರೆ ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಎಷ್ಟು ಉಳಿಯುತ್ತಿದ್ದುವು?

ಇಷ್ಟರಿಂದ ತಿಳಿಯುವುದೇನು? ಚಿಪ್‌ಗಳನ್ನು ಉಳಿಸಿದ್ದು ಅವುಗಳ ಗಟ್ಟಿತನವಲ್ಲ, ಅವುಗಳನ್ನು ಕುರಿತ ಕಾಗದದ ಬಡತನವಿಲ್ಲದ ಹಂಚಿಕೆ. ಹುಟ್ಟುವಾಗಲೇ ಅಚ್ಚಾಗಿ ಸಾವಿರ ಕೈಗಳಿಗೆ ಹೋದದ್ದು ಉಳಿಯಿತು. ಒಂದೇ ಕಪಾಟಿನಲ್ಲಿ ಬೀಗಹಾಕಿ ಇಟ್ಟದ್ದು ಕಪಾಟಿನೊಡನೆಯೇ ಹೋಯಿತು. ಹತ್ತು ವರ್ಷದ ಲಾಭಕ್ಕೆ ಗುಟ್ಟು ಬೇಕಾಗಬಹುದು. ಆದರೆ ಗುಟ್ಟಿಗೂ ಒಂದು ಗಡುವಿರಬೇಕು. ಮಾರಾಟ ನಿಲ್ಲಿಸಿದ ದಿನವಾದರೂ ಕೈಪಿಡಿಯನ್ನೂ ತಂತ್ರಾಂಶವನ್ನೂ ಲೋಕಕ್ಕೆ ಬಿಟ್ಟುಕೊಡುವುದು ತಯಾರಕರ ಧರ್ಮವೆಂದು ಏಕೆ ಎಣಿಸಬಾರದು? ಯಂತ್ರವನ್ನು ಕೊಳ್ಳುವ ಸಂಸ್ಥೆಗಳೂ ಬೆಲೆಯ ಜೊತೆಗೆ ಸಮೀಕರಣಗಳ ಒಂದು ಪ್ರತಿಯನ್ನು ಕೇಳಿ ಪಡೆಯುವ ರೂಢಿ ಮಾಡಿಕೊಳ್ಳಬಹುದು.

ನಾವು ಮಾಡಬಹುದಾದ ಸಣ್ಣ ಕೆಲಸವೂ ಒಂದಿದೆ. ೧೯೪೮ರಲ್ಲಿ ಐಟಿಐ, ೧೯೫೪ರಲ್ಲಿ ಬಿಇಎಲ್ ಹುಟ್ಟಿದ ಬೆಂಗಳೂರಿನಂಥ ಊರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದಿಂದ ನಿವೃತ್ತರಾದವರ ಮನೆಗಳು ಬೇಕಾದಷ್ಟಿವೆ. ಅಟ್ಟದ ಮೇಲೆ ದಪ್ಪ ದಪ್ಪ ಇಂಗ್ಲಿಷ್ ಕೈಪಿಡಿಗಳೋ ಹಳೆಯ ಫ್ಲಾಪಿಗಳೋ ಇದ್ದರೆ, ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ತೂಕಕ್ಕೆ ಹಾಕಿದರೆ ಸಿಗುವುದು ಕಿಲೋಗೆ ಕೆಲವು ರೂಪಾಯಿ. ಅದರೊಳಗಿನ ಒಂದು ಪುಟಕ್ಕಾಗಿ ಎಲ್ಲಿಯೋ ಒಂದು ಯಂತ್ರ ಕಾಯುತ್ತಿರಬಹುದು.