ಮುಚ್ಚದ ರೆಪ್ಪೆಗೆ ದವಡೆಯಿಂದ ತಂದ ಬಲ

ಮಾಗಡಿ, ತಾವರೆಕೆರೆ ಕಡೆಯಿಂದ ಬೆಂಗಳೂರಿಗೆ ಬರುವವರಿಗೆ ಸುಂಕದಕಟ್ಟೆ ದಾಟಿದ ಮೇಲೆ ಸುಮನಹಳ್ಳಿ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಮೇಲ್ಸೇತುವೆಯ ಹೆಸರು. ಆದರೆ ಕುಷ್ಠರೋಗದಿಂದ ಮನೆ, ಊರು ಬಿಡಬೇಕಾಗಿ ಬಂದವರಿಗೆ ಅದು ಆಸರೆಯ ಹೆಸರು. ದೇವರಾಜ ಅರಸು ಅವರ ಕಾಲದಲ್ಲಿ, 1970ರ ದಶಕದ ಕೊನೆಗೆ, ಸರ್ಕಾರದ ಕೋರಿಕೆಯಂತೆ ಬೆಂಗಳೂರಿನ ಕ್ರೈಸ್ತ ಧರ್ಮಪ್ರಾಂತ್ಯ ಇಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಇದೇ ಮಾಗಡಿ ರಸ್ತೆಯಲ್ಲಿ ಸರ್ಕಾರಿ ಕುಷ್ಠರೋಗ ಆಸ್ಪತ್ರೆಯೂ ಇದೆ.

ಕುಷ್ಠ ಎಂದರೆ ನಮಗೆ ನೆನಪಾಗುವುದು ಮಚ್ಚೆ, ಮಡಚಿಕೊಂಡ ಬೆರಳು. ಈ ರೋಗ ಮುಖದ ನರವನ್ನೂ ಹಿಡಿಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ರೆಪ್ಪೆ ಎತ್ತುವ ನರ ಬೇರೆ, ಮುಚ್ಚುವ ನರ ಬೇರೆ. ಮುಚ್ಚುವ ನರ ಸೋತರೆ ಕಣ್ಣು ತೆರೆಯುತ್ತದೆ, ಆದರೆ ಪೂರ್ತಿ ಮುಚ್ಚುವುದಿಲ್ಲ. ನಿದ್ದೆಯಲ್ಲೂ ಸಂದು ಉಳಿಯುತ್ತದೆ. ಕಣ್ಣು ಒಣಗಿ, ಧೂಳು ಕೂತು ಕರಿಗುಡ್ಡೆ ಹುಣ್ಣಾಗುತ್ತದೆ. ಕುಷ್ಠದಲ್ಲಿ ಕರಿಗುಡ್ಡೆಯ ಸ್ಪರ್ಶವೂ ಹೋಗಿರಬಹುದು. ಆಗ ನೋವೇ ಗೊತ್ತಾಗದೆ ದೃಷ್ಟಿ ಹೋಗುತ್ತದೆ.

ಇದಕ್ಕೆ ವೈದ್ಯರು ಮೊದಲಿಂದ ಮಾಡುತ್ತಿದ್ದ ಸರಳ ಉಪಾಯ, ಎರಡೂ ರೆಪ್ಪೆಗಳ ಹೊರ ಅಂಚನ್ನು ಸೇರಿಸಿ ಹೊಲಿಯುವುದು. ಕಣ್ಣು ಉಳಿಯುತ್ತದೆ, ಆದರೆ ಚಿಕ್ಕದಾಗಿ ಕಾಣುತ್ತದೆ. ಮೊದಲೇ ಜನರ ನೋಟಕ್ಕೆ ಕುಗ್ಗಿದ ರೋಗಿಗೆ ಅದು ಇನ್ನೊಂದು ಗುರುತಾಗುತ್ತಿತ್ತು.

1934ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಗಿಲೀಸ್ ಬೇರೆ ದಾರಿ ತೋರಿಸಿದರು. ಅಗಿಯುವಾಗ ಕಿವಿಯ ಮೇಲ್ಭಾಗದಲ್ಲಿ ಬೆರಳಿಟ್ಟರೆ ಒಂದು ಸ್ನಾಯು ಉಬ್ಬುವುದು ತಿಳಿಯುತ್ತದೆ. ಅದರ ನರ ಬೇರೆ, ಹಾಗಾಗಿ ಅದಕ್ಕೆ ಬಲ ಇರುತ್ತದೆ. ಅದರ ಒಂದು ಪಟ್ಟಿಯನ್ನು ತಿರುಗಿಸಿ ರೆಪ್ಪೆಗಳಿಗೆ ಜೋಡಿಸಿದರೆ, ಹಲ್ಲು ಕಚ್ಚಿದಾಗ ಕಣ್ಣು ಮುಚ್ಚುತ್ತದೆ. ರೋಗಿ ಮಾತ್ರ ಆಗಾಗ ಹಲ್ಲು ಕಚ್ಚುವ ಅಭ್ಯಾಸವನ್ನು ಹೊಸದಾಗಿ ಕಲಿಯಬೇಕು.

ಈ ವಿದ್ಯೆ ಹೆಚ್ಚು ಬೇಕಾಗಿದ್ದುದು ನಮ್ಮ ದೇಶಕ್ಕೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ 1940ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳ ಮಡಚಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದರು. ಗಿಲೀಸ್ ಬಳಿ ಕಲಿತ ಡಾ. ನೋಶಿರ್ ಅಂಟಿಯಾ ಮುಂಬೈಯಲ್ಲಿ ಇಂಥ ರೋಗಿಗಳ ಮುಖ, ಕೈಗಳನ್ನು ಸರಿಪಡಿಸಿದರು. ಕುಷ್ಠರೋಗಿಯನ್ನು ಮುಟ್ಟಲೂ ಜನ ಹಿಂಜರಿಯುತ್ತಿದ್ದ ಕಾಲವದು.

1958ರ ಹೊತ್ತಿಗೆ ಮೇಲಿನ ರೆಪ್ಪೆಯೊಳಗೆ ಸುಮಾರು 1 ಗ್ರಾಂ ತೂಕದ ಚಿನ್ನದ ತುಣುಕು ಇಡುವ ಕ್ರಮ ಬಂತು. ತೂಕಕ್ಕೆ ರೆಪ್ಪೆ ತಾನಾಗಿ ಇಳಿಯುತ್ತದೆ. ಕೂತಾಗ, ನಿಂತಾಗ ಇದು ಅನುಕೂಲ. ಮಲಗಿದಾಗ ಮುಲಾಮು ಬೇಕಾಗಬಹುದು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಕತ್ತರಿಯಲ್ಲ, ಮಾತ್ರೆ. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆ ಕುಷ್ಠವನ್ನು ಪೂರ್ತಿ ಗುಣಪಡಿಸುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೆಪ್ಪೆಯ ಬಲ ಕುಗ್ಗಿ 6 ತಿಂಗಳು ದಾಟಿರದಿದ್ದರೆ, ಅದರ ಜೊತೆಗೆ ವೈದ್ಯರು ಕೊಡುವ ಸ್ಟೀರಾಯ್ಡ್ ಮಾತ್ರೆಯಿಂದ ನರ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ತಡವಾದರೆ ಮಾತ್ರೆ ನರವನ್ನು ಮರಳಿ ತರಲಾರದು. ಆಗ ಉಳಿಯುವುದು ಆಪರೇಷನ್.

ಕುಷ್ಠವಿಲ್ಲದೆಯೂ ಒಂದೇ ದಿನದಲ್ಲಿ ಬಾಯಿ ಸೊಟ್ಟಗಾಗಿ ಕಣ್ಣು ಮುಚ್ಚದೇ ಹೋಗಬಹುದು. ಇದರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ 3 ದಿನದೊಳಗೆ ಚಿಕಿತ್ಸೆ ಶುರುವಾದರೆ ಒಳ್ಳೆಯದು. ಜೊತೆಗೆ ಕೈಕಾಲಿನ ಬಲ ಹೋದರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬಾರದು, ಅದು ಮಿದುಳಿನ ಆಘಾತವಿರಬಹುದು.

ಮನೆಯಲ್ಲಿ ಪರೀಕ್ಷೆ ಸುಲಭ. ನಿದ್ದೆ ಬಂದವರಂತೆ ಮೆಲ್ಲಗೆ ಕಣ್ಣು ಮುಚ್ಚಲು ಹೇಳಿ. ಸಂದಿನಲ್ಲಿ ಬಿಳಿಗುಡ್ಡೆ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನೋವಿಲ್ಲ ಎಂದು ಅವರು ಹೇಳಿದರೂ ಬಿಡಬೇಡಿ. ಈ ರೋಗದಲ್ಲಿ ನೋವಿಲ್ಲದಿರುವುದೇ ಅಪಾಯ.