ಹುತ್ತದಣಬೆಯ ನಾಮನಿರ್ಣಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಕಾಡುಗಳಲ್ಲಿ ಮಳೆ ಹಿಡಿದ ಮೇಲೆ ಹುತ್ತದಿಂದ ಏಳುವ ಅಣಬೆಗೆ ಯಾವ ಸಂಸ್ಕೃತ ನಾಮವು ಸಲ್ಲುವುದೆಂಬುದು ವಿಚಾರಾರ್ಹವಾಗಿದೆ. ಶಿಲೀಂಧ್ರವೆಂಬುದು ಇಂದಿನ ರೂಢಿ. ಆದರೆ ಮೇಘದೂತದಲ್ಲಿ ಗುಡುಗಿಗೆ ಹುಟ್ಟುವ ಶಿಲೀಂಧ್ರವನ್ನು ಮಲ್ಲಿನಾಥನು ಕಂದಲಿಯೆಂದೇ ವ್ಯಾಖ್ಯಾನಿಸಿರುವನು. ಮನುಸ್ಮೃತಿಯು ಛತ್ರಾಕ, ಕವಕಗಳನ್ನು ದ್ವಿಜರಿಗೆ ನಿಷೇಧಿಸುವುದಲ್ಲದೆ ಲಕ್ಷಣವನ್ನು ಹೇಳದು. ನಿಷಿದ್ಧವಾದುದನ್ನು ಪಂಡಿತರು ಕಣ್ಣಿಟ್ಟು ನೋಡಲಿಲ್ಲವೆಂದು ತೋರುತ್ತದೆ! ಸುಶ್ರುತನಾದರೋ ಉದ್ಭಿದಗಳನ್ನು ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಎಂದು ಆಶ್ರಯಭೇದದಿಂದ ಐದಾಗಿ ವಿಂಗಡಿಸಿದನು. ಹುತ್ತದಣಬೆಯೆಂಬ ಕನ್ನಡ ಮಾತೂ ಇದೇ ನ್ಯಾಯದ್ದು. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟುದೂ ಗೆದ್ದಲನ್ನು ನೋಡಿಯೇ.

ಇದರ ಕೊಡೆಯಡಿಯಲ್ಲಿ ತೆಳ್ಳನೆಯ ಎಸಳುಗಳುಂಟು, ರೇಣು ನಸುಗೆಂಪು, ಕಾಲು ಬೇರಿನಂತೆ ನೀಳವಾಗಿ ನೆಲದೊಳಗಣ ಗೆದ್ದಲಗೂಡಿನವರೆಗೆ ಇಳಿಯುವುದು. ಹಸುರು ರೇಣುವಿನ ವಿಷದಣಬೆಯೂ ಬಿಳಿಯ ಕೊಡೆಯನ್ನೇ ಬಿಚ್ಚುವುದು. ಎಳೆಯದರಲ್ಲಿ ಅದರ ಎಸಳೂ ಬೆಳ್ಳಗೇ ಇರುವುದು. ಆದ್ದರಿಂದ ಛತ್ರಾಕ, ಕವಕ, ಶಿಲೀಂಧ್ರ, ಅಣಬೆಗಳನ್ನು ನಿಘಂಟುಗಳಲ್ಲಿ ಕೇವಲ ಪರ್ಯಾಯಗಳೆಂದು ಬರೆದುಬಿಡುವುದು ನಿರಪಾಯವಲ್ಲ. ವಿಷದಣಬೆಯೊಡನೆ ಬೇಯಿಸಿದ ಬೆಳ್ಳಿಯು ಕಪ್ಪಾಗುವುದೆಂಬ ಜನಜನಿತ ಪರೀಕ್ಷೆಗಂತೂ ಯಾವ ಪ್ರಮಾಣವೂ ಇಲ್ಲ.